ತೊಳೆದ ಕಲ್ಲು

ಸ್ಮಶಾನದ ಗೇಟಿನಲ್ಲಿ ಕ್ಯಾಮೆರಾ ಇದೆಯಂತೆ ಎಂದು ಗಂಡ ಜೆಲಿಗ್ ಫೋನನ್ನು ಕಿವಿಯಿಂದ ತೆಗೆಯದೆಯೇ ಹೇಳಿದಾಗ ಲೈವಾ ಅಕ್ಕಿ ತೊಳೆಯುತ್ತಿದ್ದಳು. ನೀರು ಬಗ್ಗಿಸಬೇಕಾದ ಕೈ ಹಾಗೇ ನಿಂತಿತು. ಹಿಂದಿನ ವಾರಗಳ ಚಿತ್ರವೆಲ್ಲ ಅದರಲ್ಲಿ ಉಳಿದಿರುತ್ತದಂತೆ. ಗೆರ್ಶನ್ ಕೇಳಿ ಪಡೆದುಕೊಂಡಿದ್ದಾನಂತೆ. ಮಧ್ಯಾಹ್ನ ಲ್ಯಾಪ್‌ಟಾಪ್ ಹಿಡಿದುಕೊಂಡು ಇಲ್ಲಿಗೇ ಬರುತ್ತಾನಂತೆ. ಗೆರ್ಶನ್ ಎಂದರೆ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಿಂತು ಬಂದವರ ಚೀಲ ನೋಡುವವನು. ಅವರ ಬಡಾವಣೆ ಕಾಲ್‌ಫೀಲ್ಡಿನ ಯಹೂದಿಗಳೆಲ್ಲ ತಮ್ಮ ಭಯವನ್ನು ಅವನ ಕೈಗೆ ಕೊಟ್ಟು ಮಲಗುತ್ತಾರೆ. “ಮುಖ ಒಂದು ಕಂಡ್ರೆ ಸಾಕು” ಎಂದ ಜೆಲಿಗ್. ಅವಳಿಗೆ ಹೇಳಿದನೋ ಫೋನಿಗೆ ಹೇಳಿದನೋ ಗೊತ್ತಾಗಲಿಲ್ಲ. ಆ ಮುಖ ಯಾರದೆಂದು ಲೈವಾಳಿಗೆ ಶುಕ್ರವಾರ ಸಂಜೆಯಿಂದ ಗೊತ್ತಿತ್ತು. ಅಗಲ ಅಂಚಿನ ಬಟ್ಟೆಟೋಪಿಯ ಕೆಳಗೆ ಬಿಸಿಲಿಗೆ ಸುಕ್ಕಾದ ಮುಖ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಬಕೆಟ್. ಅವಳ ಅಪ್ಪ.

ಹೇಳಿಬಿಡಬೇಕಿತ್ತು. ಈಗಲೂ ಹೇಳಬಹುದು, ಅವನು ಫೋನಿಡಲಿ. ಅವನು ಫೋನಿಟ್ಟ, ಅವಳು ಅಕ್ಕಿಗೆ ಇನ್ನೊಂದು ನೀರು ಹಾಕಿದಳು. ಶುಕ್ರವಾರ ಬೆಳಿಗ್ಗೆ ಅವನ ತಾಯಿ ಪೆರ್ಲಾಳ ತಿಥಿ ಎಂದು ಜೆಲಿಗ್ ಒಬ್ಬನೇ ಗೋರಿಗೆ ಹೋಗಿದ್ದ. ಇವರಲ್ಲಿ ಗೋರಿಗೆ ಹೂ ಇಡುವುದಿಲ್ಲ. ಹೋದವರು ಒಂದು ಸಣ್ಣ ಕಲ್ಲು ಇಟ್ಟು ಬರುತ್ತಾರೆ. ಬಂದಿದ್ದೆ, ಮರೆತಿಲ್ಲ ಎನ್ನುವುದಕ್ಕೆ. ಪೆರ್ಲಾ ಸತ್ತಾಗಿನಿಂದ ಬಂದವರೆಲ್ಲ ಇಟ್ಟ ಕಲ್ಲುಗಳು ಚಪ್ಪಡಿಯ ಮೇಲೆ ಒತ್ತೊತ್ತಾಗಿ ಕುಳಿತಿದ್ದವು. ಇಟ್ಟವರಲ್ಲಿ ಕೆಲವರು ಈಗ ಅದೇ ಸ್ಮಶಾನದಲ್ಲಿ ತಾವೇ ಮಲಗಿದ್ದರು. ಶುಕ್ರವಾರ ಒಂದು ಕಲ್ಲೂ ಇರಲಿಲ್ಲ. ಚಪ್ಪಡಿಗೆ ಯಾರೋ ನೀರು ಹಾಕಿ ಉಜ್ಜಿದ್ದರು, ಅಕ್ಷರಗಳ ಸಂದಿಯ ಪಾಚಿ ಕೂಡ ಹೋಗಿತ್ತು. ಮನೆಗೆ ಬಂದವನು ಷೂ ಬಿಚ್ಚದೆ ಅಡುಗೆಮನೆಯಲ್ಲಿ ಕುಳಿತ. ಸಿಟ್ಟು ಬಂದರೆ ಲೈವಾ ಪಾತ್ರೆ ಕುಕ್ಕುವವಳು. ಜೆಲಿಗ್ ಹಾಗಲ್ಲ, ಅವನ ದನಿ ಇಳಿಯುತ್ತ ಇಳಿಯುತ್ತ ಕೊನೆಗೆ ತುಟಿ ಮಾತ್ರ ಆಡುತ್ತದೆ. ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ದಿನವೆಲ್ಲ ಗಿರಾಕಿಗಳ ಮುಖಕ್ಕೆ ಮುಖ ಕೊಟ್ಟು ಕುಳಿತು, ಈಗ ಕಾಣುತ್ತಾ, ಈಗ, ಎಂದು ಕೇಳಿ ಕೇಳಿ ಬಂದ ದನಿ. “ಅಮ್ಮನ್ನ ಇನ್ನೊಂದ್ಸಲ ಸಾಯಿಸಿದ್ರು” ಎಂದ. ಏನಾದರೂ ಹೇಳಬೇಕಲ್ಲ ಎಂಬ ಗಾಬರಿಯಲ್ಲಿ ಅವಳು, ಗಾಳಿಗೆ ಬಿದ್ದಿರಬಹುದು, ಕಸ ತೆಗೆಯುವವರು ತೆಗೆದಿರಬಹುದು ಎಂದಳು. ಜೆಲಿಗ್ ಅವಳನ್ನು ನೋಡಿ, ಕೋಪವೇ ಇಲ್ಲದೆ, “ಬಿಡು, ನಿಂಗೆ ಗೊತ್ತಾಗಲ್ಲ” ಎಂದ.

ಗೊತ್ತಾಗಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷದ ಮೇಲೆ. ಮಾಂಸದ ಪಾತ್ರೆ ಯಾವುದು, ಹಾಲಿನ ಪಾತ್ರೆ ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲವಳು ಅವಳು. ಹುಳಿ ಹಿಡಿದದ್ದೇನೂ ಮನೆಯಲ್ಲಿರಬಾರದ ಅವರ ಹಬ್ಬಕ್ಕೆ ಮೊನ್ನೆ ಮೊನ್ನೆ ಕಪಾಟು ಸರಿಸಿ ಬ್ರೆಡ್ಡಿನ ಚೂರು ಹುಡುಕಿದವಳು ಅವಳು, ಜೆಲಿಗ್ ಅಲ್ಲ. ಪೆರ್ಲಾ ಮದುವೆಗೆ ಬರಲಿಲ್ಲ. ಎಷ್ಟೋ ವರ್ಷ ಅವಳ ಬಾಯಲ್ಲಿ ಲೈವಾಳಿಗೆ ಹೆಸರಿರಲಿಲ್ಲ, ‘ಆ ಹುಡುಗಿ’ ಅಷ್ಟೆ, ನಲವತ್ತಾದರೂ ಹುಡುಗಿ. ಆದರೆ ಕೊನೆಯ ಚಳಿಗಾಲದಲ್ಲಿ ಮಗಳ ಕೈಯ ಕೋಳಿಸಾರು ಒಳಗಿಳಿಯದಾದಾಗ ಲೈವಾ ಮಾಡಿದ ಅಕ್ಕಿ ಗಂಜಿ ಇಳಿಯಿತು. ದಿನಾ ಮೂರು ಚಮಚ ತಿಂದು ಮುದುಕಿ, ಉಪ್ಪು ಕಡಿಮೆ, ಎನ್ನುತ್ತಿದ್ದಳು. ಬೇಕೆಂದೇ ಲೈವಾ ಉಪ್ಪು ಕಡಿಮೆ ಹಾಕುತ್ತಿದ್ದಳು. ಆ ಒಂದು ಮಾತಾದರೂ ಬರಲಿ ಎಂದು. ಬೆನ್ನು ಒರೆಸುವಾಗ ಮೂಳೆಗಳು ಬಟ್ಟೆಯೊಳಗಿಂದ ಕೈಗೆ ಸಿಗುತ್ತಿದ್ದವು. ಹಾಗೆ ಸಿಕ್ಕ ಮೂಳೆಗಳು ಈಗ ಆ ಚಪ್ಪಡಿಯ ಕೆಳಗಿದ್ದವು, ಮತ್ತು ಅವಳಿಗೆ ಗೊತ್ತಾಗಲ್ಲ.

ಅದೇ ಸಂಜೆ ಅವಳು ಬಾಕ್ಸ್ ಹಿಲ್‌ನಲ್ಲಿರುವ ಅಪ್ಪನ ಮನೆಗೆ ಹೋದಳು. ಶುಕ್ರವಾರದ ಏರ್ಪಾಡು ಅದು. ಇವರ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಊಟಕ್ಕೆ ಜೆಲಿಗ್ ಅಕ್ಕ ಬ್ರೋನ್ಯಾಳ ಮನೆಗೆ, ಲೈವಾ ತನ್ನ ಅಪ್ಪನ ಮನೆಗೆ. ಯಾರೂ ಕೂತು ಹೀಗೆ ಎಂದು ತೀರ್ಮಾನ ಮಾಡಿದ್ದಲ್ಲ. ಮೊದಮೊದಲು ಅವಳೂ ಬ್ರೋನ್ಯಾಳ ಮೇಜಿಗೆ ಹೋಗುತ್ತಿದ್ದಳು. ದೀಪ ಹಚ್ಚುವಾಗ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಫ್ರಿಜ್ಜಿನ ಪಕ್ಕ ನಿಲ್ಲುತ್ತಿದ್ದಳು. ಅವಳು ಧರ್ಮ ಬದಲಾಯಿಸಿರಲಿಲ್ಲ, ಜೆಲಿಗ್ ಕೇಳಿಯೂ ಇರಲಿಲ್ಲ. ಮಕ್ಕಳಾಗಲಿಲ್ಲ. ಆಗಿದ್ದರೆ ಅವರ ಲೆಕ್ಕದಲ್ಲಿ ತಾಯಿಯ ಜಾತಿಗೆ ಸೇರಿ ಹೊರಗಿನವರಾಗುತ್ತಿದ್ದರು. ಆಗದಿದ್ದದ್ದು ಬ್ರೋನ್ಯಾಳಿಗೆ ಒಳಗೊಳಗೇ ಒಂದು ನೆಮ್ಮದಿ ಎಂದು ಲೈವಾ ನಂಬಿದ್ದಳು. ನಂಬುವುದಕ್ಕೆ ಆಧಾರವಿಲ್ಲ, ಆದರೂ ಆ ನಂಬಿಕೆಯನ್ನು ಬಿಡಲು ಅವಳಿಗೆ ಮನಸ್ಸಿರಲಿಲ್ಲ. ಅಪ್ಪ ಆವಿಯಲ್ಲಿ ಬೇಯಿಸಿದ ಮೀನಿನ ಕೆನ್ನೆಯ ತುಂಡನ್ನು ಚಾಪ್‌ಸ್ಟಿಕ್ಕಿನಿಂದ ಬಿಡಿಸಿ ಅವಳ ಬಟ್ಟಲಿಗೆ ಹಾಕುತ್ತ, ತುಂಬ ದಿನದಿಂದ ಕಾಯ್ದಿಟ್ಟ ಮಾತಿನ ಹಾಗೆ, ಚಿಕ್ಕಂದಿನಿಂದ ಕರೆಯುವ ‘ಆವಾ’ ಎಂಬ ಹೆಸರು ಹಿಡಿದು ಹೇಳಿದರು: “ಈ ಸಲ ಗೋರಿ ಗುಡಿಸೋ ಹಬ್ಬದಲ್ಲಿ ನಿಮ್ಮತ್ತೇದೂ ನಾನೇ ಮಾಡಿಬಿಟ್ಟೆ, ಆವಾ. ಅವ್ವಂದು ಮುಗಿಸಿ ರಸ್ತೆ ದಾಟಿ ಹೋದೆ. ಏನ್ ಸ್ಥಿತಿ ಅದು! ಯಾರೋ ಮೈತುಂಬ ಕಲ್ಲು ಎಸೆದು ಹೋಗವ್ರೆ. ಮಗ ಇದ್ದು, ಮಗಳಿದ್ದು, ನೀನೂ ಇದ್ದು.”

ಅದೇ ದೊಡ್ಡ ಸ್ಮಶಾನ. ರಸ್ತೆಯ ಈಚೆ ಚೀನೀಯರು, ಆಚೆ ಯಹೂದಿಗಳು. ಲೈವಾಳ ಅವ್ವ ಈಚೆಗಿದ್ದಳು. ಅಪ್ಪ ಅವ್ವನ ಗೋರಿ ಗುಡಿಸಿ, ಹುಲ್ಲು ಕಿತ್ತು, ಕಿತ್ತಳೆ ಹಣ್ಣಿಟ್ಟು, ಊದುಬತ್ತಿ ಹಚ್ಚಿ, ಉಳಿದ ನೀರಿನಲ್ಲಿ ಬೀಗಿತ್ತಿಯ ಗೋರಿಯನ್ನೂ ಉಜ್ಜಿ ಬಂದಿದ್ದರು. ಬೀಗಿತ್ತಿ ಬದುಕಿದ್ದಾಗ ಅವರನ್ನು ಒಂದು ದಿನ ಮನೆಗೆ ಕರೆದವಳಲ್ಲ. ಲೈವಾ ಮೀನಿನ ತುಂಡನ್ನು ನುಂಗಿದಳು. ಕಾರಿನಲ್ಲಿ ಬರುತ್ತ ಅವಳಿಗೆ ನಗು ಬಂತು, ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವನು ತಿರುಗಿ ನೋಡುವಷ್ಟು. ಮನೆಗೆ ಹೋಗಿ ಹೇಳಿದರೆ ಜೆಲಿಗ್ ಕೂಡ ಒಂದು ಗಳಿಗೆ ಬೆಪ್ಪಾಗಿ ಆಮೇಲೆ ನಗುತ್ತಾನೆ ಎಂದುಕೊಂಡಳು. ಮನೆಯಲ್ಲಿ ಬ್ರೋನ್ಯಾ ಇದ್ದಳು, ಸಬ್ಬತ್ತಿನಲ್ಲಿ ವಾಹನ ಹತ್ತುವಂತಿಲ್ಲವಾದ್ದರಿಂದ ತಮ್ಮನ ಜೊತೆ ನಡೆದೇ ಬಂದಿದ್ದಳು. ಸೋಫಾದ ತುದಿಯಲ್ಲಿ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಆ ಕಲ್ಲೂ ಹೋಯಿತು, ನದಿಯ ಕಲ್ಲು, ಎನ್ನುತ್ತಿದ್ದಳು. ಪೆರ್ಲಾಳ ತಾಯಿಗೆ ಗೋರಿಯಿಲ್ಲ. ಯುದ್ಧದಲ್ಲಿ ಪೋಲೆಂಡಿನ ಯಾವ ಹೊಂಡದಲ್ಲಿ ಹಾಕಿದರೋ ಯಾರಿಗೂ ಗೊತ್ತಿಲ್ಲ. ಬ್ರೋನ್ಯಾ ಅಷ್ಟು ದೂರ ಹೋಗಿ, ಆ ಊರಿನ ನದಿಯಿಂದ ಹೆಬ್ಬೆರಳಿನಷ್ಟು ಒಂದು ಕಲ್ಲು ತಂದು ತಾಯಿಯ ಚಪ್ಪಡಿಯ ಮೇಲಿಟ್ಟಿದ್ದಳು. ಬೂದು ಬಣ್ಣ, ನಡುವೆ ಒಂದು ಬಿಳಿ ಗೆರೆ. ಬಾಗಿಲಲ್ಲಿ ನಿಂತ ಲೈವಾಳನ್ನು ಕಂಡು ಇಬ್ಬರೂ ಮಾತು ನಿಲ್ಲಿಸಿದರು. ಹೊರಗಿನವರು ಬಂದಾಗ ನಿಲ್ಲಿಸುವ ಹಾಗೆ. ಅವಳ ನಗು ಸಿಟ್ಟಾಯಿತು. ನಂಗೆ ಗೊತ್ತಾಗಲ್ಲ ಅಲ್ವಾ, ಸರಿ, ಗೊತ್ತಾಗದವಳು ಯಾಕೆ ಬಾಯಿ ಬಿಡಬೇಕು ಎಂದು ಕೋಟು ಬಿಚ್ಚಿ ಒಳಗೆ ಹೋದಳು. ಮೊದಲು ಬಾಯಿ ಮುಚ್ಚಿಸಿದ್ದು ಸಿಟ್ಟು. ಶನಿವಾರ ಬೆಳಗಾಗುವುದರೊಳಗೆ ಆ ಜಾಗದಲ್ಲಿ ಭಯ ಬಂದು ಕೂತಿತ್ತು. ಸಿಟ್ಟಿಗೂ ಭಯಕ್ಕೂ ಕೆಳಗೆ ಇನ್ನೂ ಒಂದಿತ್ತು, ಅದನ್ನು ಅವಳು ನೋಡಲು ಒಪ್ಪಲಿಲ್ಲ: ಕಲ್ಲೆಲ್ಲ ಹೋಯಿತು ಎಂದು ಜೆಲಿಗ್ ಹೇಳಿದ ಗಳಿಗೆಯಲ್ಲಿ, ಯಾರು ಏನು ಎಂದು ತಿಳಿಯುವ ಮುಂಚೆಯೇ, ಎದೆಯೊಳಗೆ ಏನೋ ಹಗುರವಾಗಿತ್ತು.

ಶನಿವಾರ ಪ್ರಾರ್ಥನಾ ಮಂದಿರದಲ್ಲಿ ಮಾತು ಹರಡಿತು. ಕತ್ತಲಾಗಿ ಸಬ್ಬತ್ತು ಮುಗಿಯುತ್ತಲೇ ಫೋನುಗಳು ಶುರುವಾದವು. ಎದುರು ಮನೆಯಾಕೆ ಕೇಕು ತಂದುಕೊಟ್ಟು ಲೈವಾಳ ತೋಳು ಹಿಡಿದು, ನಿಮಗೂ ಕಷ್ಟವೇ, ಎಂದಳು. ‘ನಿಮಗೂ’ ಎಂಬ ಮಾತನ್ನು ಲೈವಾ ರಾತ್ರಿಯೆಲ್ಲ ಜಗಿದಳು. ಸಾಲಾಗಿ ಬಂದ ಒಂದೊಂದು ಫೋನಿನಲ್ಲೂ ಗೋರಿಯ ಗತಿ ಬೆಳೆಯುತ್ತ ಹೋಯಿತು. ಒಬ್ಬರ ಬಾಯಲ್ಲಿ ಬಣ್ಣ ಬಳಿದಿದ್ದರು, ಇನ್ನೊಬ್ಬರ ಬಾಯಲ್ಲಿ ಚಪ್ಪಡಿ ಒಡೆದಿತ್ತು. ಜೆಲಿಗ್ ಮಾತ್ರ ಪ್ರತಿಯೊಬ್ಬರಿಗೂ, ಇಲ್ಲ, ಒಡೆದಿಲ್ಲ, ತೊಳೆದಿದ್ದಾರೆ, ಎಂದು ತಿದ್ದುತ್ತಿದ್ದ. ತೊಳೆದದ್ದೇ ಅವನಿಗೆ ಹೆಚ್ಚು ಭಯ ತಂದಂತಿತ್ತು. ಒಡೆಯುವವನ ಮನಸ್ಸು ತಿಳಿಯುತ್ತದೆ, ಉಜ್ಜಿ ತೊಳೆಯುವವನ ಮನಸ್ಸು ಎಂಥದು?

ಈಗ, ಭಾನುವಾರ, ಅಕ್ಕಿ ಒಲೆಯ ಮೇಲಿಟ್ಟು ಅವಳು ಕಿಟಕಿಕಟ್ಟೆ ನೋಡಿದಳು. ತಿಥಿಯ ದೀಪ ಉರಿದು ಖಾಲಿಯಾದ ಗಾಜಿನ ಲೋಟಗಳನ್ನು ಈ ಮನೆಯಲ್ಲಿ ಎಸೆಯುವುದಿಲ್ಲ. ಅಂಥ ಒಂದರಲ್ಲಿ ನೀರು ಹಾಕಿ ಅವಳು ಈರುಳ್ಳಿಹೂವಿನ ಬೇರು ಚಿಗುರಲು ಇಟ್ಟಿದ್ದಳು. ಅದರ ಪಕ್ಕ ಒಂದು ಕಲ್ಲಿತ್ತು. ಪೆರ್ಲಾಳ ಗೋರಿಗೆ ಚಪ್ಪಡಿ ಹಾಕಿಸಿದ ದಿನ ಎಲ್ಲರೂ ಒಂದೊಂದು ಇಡಲು ಹೋದಾಗ ಲೈವಾಳೂ ಕಾರು ನಿಲ್ಲಿಸಿದ ಕಡೆಯಿಂದ ಒಂದನ್ನು ಹೆಕ್ಕಿಕೊಂಡಿದ್ದಳು. ಅವಳ ಪೈಕಿಯವರಲ್ಲಿ ಹಿರಿಯರ ಗೋರಿಯ ಮೇಲೆ ಕಲ್ಲು ಹೇರುವುದು ಎಂದರೆ ಮೈ ಜುಮ್ಮೆನ್ನುವ ಮಾತು, ಆದರೂ ಹೆಕ್ಕಿದ್ದಳು. ಅವಳು ಮುಂದೆ ಬಂದಾಗ ಬ್ರೋನ್ಯಾ ಮೆಲ್ಲಗೆ, ಬೇಜಾರಾಗದ ಹಾಗೆ, ಮೊಣಕೈ ಮುಟ್ಟಿ, “ಮೊದ್ಲು ಮನೆಯವರು ಇಡ್ಲಿ” ಎಂದಿದ್ದಳು. ಮನೆಯವರು ಇಟ್ಟರು, ನೆಂಟರು ಇಟ್ಟರು, ಅಂಗಡಿಯ ಹುಡುಗಿ ಕೂಡ ಇಟ್ಟಳು. ಲೈವಾ ಕೋಟಿನ ಜೇಬಿನಲ್ಲಿ ಮುಷ್ಟಿ ಬಿಗಿ ಹಿಡಿದು ನಿಂತೇ ಇದ್ದಳು, ಮುಷ್ಟಿಯೊಳಗೆ ಕಲ್ಲು ಬೆಚ್ಚಗಾಗುತ್ತಿತ್ತು. ಅಂದಿನಿಂದ ಅದು ಈ ಕಟ್ಟೆಯ ಮೇಲಿತ್ತು. ರಾತ್ರಿ ಪಾತ್ರೆ ತೊಳೆಯುವ ಸರದಿ ಜೆಲಿಗ್‌ನದು. ಕಟ್ಟೆ ಒರೆಸುವಾಗ ಅವನು ಲೋಟ ಎತ್ತಿ ಒರೆಸುತ್ತಿದ್ದ, ಕಲ್ಲನ್ನು ಮಾತ್ರ ಎತ್ತದೆ ಅದರ ಸುತ್ತ ಬಟ್ಟೆ ಆಡಿಸುತ್ತಿದ್ದ. ಇದೇನು, ಎಲ್ಲಿಯದು ಎಂದು ಒಂದು ಸಲವೂ ಕೇಳಿರಲಿಲ್ಲ. ಅವನಿಗೆ ಕಂಡೇ ಇಲ್ಲ ಎಂದು ಅವಳು ತೀರ್ಮಾನಿಸಿದ್ದಳು. ಈಗ ಅದನ್ನು ತೆಗೆದು ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಅಪ್ಪನ ಹತ್ತಿರ ಸೊಪ್ಪು ತರುತ್ತೇನೆ ಎಂದು ಕೂಗಿ ಹೇಳಿದಳು. ಜೆಲಿಗ್ ಊಟದ ಮೇಜಿನ ಮೇಲಿನದನ್ನೆಲ್ಲ ತೆಗೆದು ಲ್ಯಾಪ್‌ಟಾಪಿಗೆ ಜಾಗ ಮಾಡುತ್ತಿದ್ದ. “ಬೇಗ ಬಾ” ಎಂದ. “ನೀನೂ ಇರ್ಬೇಕು.”

ಬೀದಿಯ ಮರಗಳೆಲ್ಲ ಎಲೆ ಉದುರಿಸುತ್ತಿದ್ದವು. ಅಪ್ಪನನ್ನು ಉಳಿಸುವ ದಾರಿಗಳನ್ನು ಅವಳು ಒಂದೊಂದಾಗಿ ಹಿಡಿದು ನೋಡಿದಳು. ನಾನೇ ಮಾಡಿದೆ ಎನ್ನುವುದು. ಆದರೆ ಚಿತ್ರದಲ್ಲಿ ಅಪ್ಪನ ಟೋಪಿ ಇರುತ್ತದೆ. ಅಪ್ಪನಿಗೆ ಮರೆವು ಎನ್ನುವುದು. ಬೀಜ ಬಿತ್ತಿದ ದಿನ, ಮೊದಲ ಹೂಕೋಸು ಕೊಯ್ದ ದಿನ ಇಂದಿಗೂ ಹೇಳುವ ಮನುಷ್ಯನಿಗೆ ಮರೆವಿನ ಹೆಸರು ಕಟ್ಟುವುದು. ಬ್ರೋನ್ಯಾಳ ಮುಖ ನೆನಪಾಯಿತು, ಅದು ಕೋಪ ಮಾಡಿಕೊಳ್ಳುವುದಿಲ್ಲ, ಕ್ಷಮಿಸಿಬಿಡುತ್ತದೆ. ಪಾಪ, ಅವರಿಗೆ ಗೊತ್ತಾಗುವುದಿಲ್ಲ ಎಂದು ಕ್ಷಮಿಸಿಬಿಡುತ್ತದೆ. ಅಪ್ಪ ಆ ಕ್ಷಮೆಯ ಎದುರು ಟೋಪಿ ತೆಗೆದು ನಿಲ್ಲುವುದನ್ನು ನೆನೆದೇ ಅವಳು ಹಾರ್ನ್ ಹೊಡೆದಳು. ಎದುರಿಗೆ ಯಾರೂ ಇರಲಿಲ್ಲ.

ಅಪ್ಪ ಹಿತ್ತಿಲಲ್ಲಿ ಸೇವಂತಿಗೆ ಕುಂಡಗಳ ನಡುವೆ ಕುಕ್ಕರಗಾಲಿನಲ್ಲಿದ್ದರು. ತರಕಾರಿ ತೋಟ ಮಾರಿದ ಮೇಲೆ ಇಷ್ಟೇ ಉಳಿದದ್ದು. ತಾಯಂದಿರ ದಿನಕ್ಕೆ ಈ ಊರಿನವರೆಲ್ಲ ಸೇವಂತಿಗೆ ಕೊಳ್ಳುತ್ತಾರೆ. ಸತ್ತವರ ಹೂವನ್ನು ಬದುಕಿರುವ ತಾಯಿಗೆ ಕೊಡುವ ಜನ ಎಂದು ಅಪ್ಪ ಪ್ರತಿ ವರ್ಷ ಆಶ್ಚರ್ಯಪಡುತ್ತ, ಪ್ರತಿ ವರ್ಷ ಬೆಳೆದು ಮುದುಕರ ಸಂಘಕ್ಕೆ ಹಂಚುತ್ತಾರೆ. ಕಲ್ಲುಗಳನ್ನು ಏನು ಮಾಡಿದಿರಿ ಎಂದು ಅವಳು ನಿಂತಲ್ಲಿಂದಲೇ ಕೇಳಿದಳು. ಯಾವ ಕಲ್ಲು? ಗೋರಿಯ ಮೇಲಿದ್ದವು. ಅವರು ಸಂತೋಷದಿಂದ ಕುಂಡದ ಬುಡ ತೋರಿಸಿದರು. ಒಳ್ಳೆಯ ಉರುಟು ಕಲ್ಲು, ಯಾಕೆ ಎಸೆಯಬೇಕು, ತಳಕ್ಕೆ ಹಾಕಿದೆ, ನೀರು ಚೆನ್ನಾಗಿ ಇಳಿಯುತ್ತದೆ. ಕೆಲವು ಕುಂಡ ಆಗಲೇ ಸಂಘಕ್ಕೆ ಹೋಗಿವೆ.

“ಯಾರು ಹೇಳಿದ್ರು ನಿಮ್ಗೆ?” ಅವಳ ದನಿ ಬೇಲಿ ದಾಟಿತು. “ಯಾರು ಕರೆದ್ರು ಅಂತ ರಸ್ತೆ ದಾಟಿ ಹೋದ್ರಿ? ಅವ್ರ ಹಬ್ಬ ಬೇರೆ ನಮ್ಮ ಹಬ್ಬ ಬೇರೆ ಅಂತ ಗೊತ್ತಾಗಲ್ವಾ ನಿಮ್ಗೆ?”

ಆ ಮಾತು ಬಾಯಿಂದ ಹೊರಟ ಮೇಲೆ ಅದು ಯಾರ ಮಾತೆಂದು ಅವಳಿಗೆ ಕೇಳಿಸಿತು. ಅಪ್ಪ ಕೈಯಲ್ಲಿದ್ದ ಗಿಡವನ್ನು ಮೆಲ್ಲಗೆ ನೆಲಕ್ಕಿಟ್ಟರು. ಅವಳು ಜೇಬಿನ ಕಲ್ಲು ತೆಗೆದು ತೋರಿಸಿ, ಎಸೆದದ್ದಲ್ಲ ಅಪ್ಪ, ಇಟ್ಟದ್ದು, ಇಂಥದ್ದನ್ನು ಒಬ್ಬೊಬ್ಬರು ತಂದು ಇಟ್ಟದ್ದು, ನಮಗೆ ಹೂವಿದ್ದ ಹಾಗೆ ಅವರಿಗೆ ಇದು ಎಂದಳು. ಕ್ಯಾಮೆರಾದ ಮಾತು ಹೇಳಿದಳು. ನದಿಯ ಕಲ್ಲಿನ ಮಾತೂ ಹೇಳಿದಳು, ಗೋರಿಯಿಲ್ಲದ ತಾಯಿಯ ಮಾತೂ. ಅಪ್ಪ ತರಕಾರಿ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಕುಳಿತು ಬಹಳ ಹೊತ್ತು ತಮ್ಮ ಅಂಗೈ ನೋಡಿಕೊಂಡರು.

“ಒಣಗಲ್ಲ, ಕೊಳೆಯಲ್ಲ” ಎಂದರು ಕೊನೆಗೆ. “ಜಾಣರು ಅವ್ರು.” ಆಮೇಲೆ ಎದ್ದು ಮೊದಲ ಕುಂಡವನ್ನು ಬೋರಲು ಹಾಕಿದರು. ಮೊಗ್ಗು ಬಿರಿಯುತ್ತಿದ್ದ ಗಿಡ, ಬೇರು ಸಮೇತ ಕಳಚಿ ಬಂತು.

ಇಬ್ಬರೂ ಒಂದೊಂದೇ ಕುಂಡ ಬೋರಲು ಹಾಕಿದರು. ಹಿತ್ತಿಲಿಡೀ ಹಳದಿ ಸೇವಂತಿಗೆ ಮಣ್ಣಿನಲ್ಲಿ ಅಡ್ಡಬಿತ್ತು. ಬೂದು ಕಲ್ಲು, ಬಿಳಿ ಗೆರೆ, ಎಂದು ಅವಳು ಕಣ್ಣಿನಲ್ಲೇ ಹುಡುಕುತ್ತಿದ್ದಳು. ಬೂದು ಬಣ್ಣದವು ಎಷ್ಟೋ ಇದ್ದವು, ಗೆರೆಯಿದ್ದದ್ದು ಒಂದೂ ಸಿಗಲಿಲ್ಲ; ಸಂಘಕ್ಕೆ ಹೋದ ಯಾವುದೋ ಕುಂಡದ ತಳದಲ್ಲಿ, ಯಾವುದೋ ಮುದುಕಿಯ ಕಿಟಕಿಯಲ್ಲಿ ಅದು ನೀರು ಇಳಿಸುತ್ತಿರಬೇಕು. ಅಪ್ಪ ನಲ್ಲಿಯ ಕೆಳಗೆ ಕುಳಿತು ಬ್ರಷ್ಷಿನಿಂದ ಪ್ರತಿ ಕಲ್ಲನ್ನೂ ಉಜ್ಜತೊಡಗಿದರು. ತೊಳೀಬೇಡಿ ಎಂದಳು. ಮಣ್ಣು ಮೆತ್ತಿದ್ದನ್ನು ಹೇಗಮ್ಮ ಕೊಡ್ತೀಯಾ ಎಂದರು. ತೊಳೆದ ಕಲ್ಲುಗಳೆಲ್ಲ ಬಕೆಟ್ಟಿನಲ್ಲಿ ಒಂದೇ ಥರ ಕಾಣುತ್ತಿದ್ದವು. ಇದನ್ನು ನಾನು ತಲುಪಿಸುತ್ತೇನೆ, ನೀವು ಬರಬೇಡಿ ಎಂದು ಅವಳು ಬಕೆಟ್ಟಿಗೆ ಕೈ ಹಾಕಿದಾಗ ಅವರು ಆಗಲೇ ಒಳಗೆ ಹೋಗಿದ್ದರು. ಬಂದಾಗ ಅವ್ವನ ಅಂತ್ಯಕ್ರಿಯೆಗೆ ಹೊಲಿಸಿದ ಕಪ್ಪು ಕೋಟು ಮೈಮೇಲಿತ್ತು, ತಲೆಯ ಮೇಲೆ ಅದೇ ಬಟ್ಟೆಟೋಪಿ. “ಇನ್ನೊಬ್ರ ಹಿರಿಯರ ಗೋರಿ ಕೆಡಿಸಿದವ್ನು ಮಗಳನ್ನ ಕಳಿಸ್ತಾನಾ?” ಎಂದರು, ಅಷ್ಟೆ.

ಕಾರಿನಲ್ಲಿ ಬಕೆಟ್ಟು ಅವರ ಕಾಲುಗಳ ನಡುವೆ ಇತ್ತು. ತಿರುವಿನಲ್ಲೆಲ್ಲ ಕಲ್ಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಟೋಪಿ ತೆಗೆಯಿರಿ ಎನ್ನಬೇಕೆಂದು ಅವಳಿಗೆ ಎಷ್ಟು ಸಲ ಬಾಯಿಗೆ ಬಂತೋ. ಕೆಂಪು ದೀಪದಲ್ಲಿ ನಿಂತಾಗ ಜೇಬಿನಲ್ಲಿದ್ದ ಕಲ್ಲನ್ನು ತೆಗೆದು ಬಕೆಟ್ಟಿಗೆ ಹಾಕಿದಳು. ಕಳೆದುಹೋದವುಗಳಲ್ಲಿ ಒಂದಾದರೂ ಕಡಿಮೆಯಾಗಲಿ ಎಂದೋ, ಇದೂ ಆ ಮುದುಕಿಗೆ ಸೇರಬೇಕಾದದ್ದೇ ಎಂದೋ, ಸಾಕಾಗಿತ್ತು ಎಂದೋ. ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು.

ಗೆರ್ಶನ್ ಆಗಲೇ ಬಂದಿದ್ದ. ಮೇಜಿನ ಸುತ್ತ ಮೂವರು, ಬೆನ್ನು ಬಾಗಿಲಿಗೆ. ಪರದೆಯ ಮೇಲೆ ಸ್ಮಶಾನದ ಗೇಟು; ಅದರೊಳಗಿಂದ ತುಂಬಿದ ಬಕೆಟ್ಟಿನ ಭಾರಕ್ಕೆ ಒಂದು ಪಕ್ಕಕ್ಕೆ ವಾಲಿ ನಡೆದು ಬರುವ ಮುದುಕ. ಗೆರ್ಶನ್ ಅದನ್ನು ಹಿಂದಕ್ಕೆ ಓಡಿಸಿದ, ಮುಂದಕ್ಕೆ ಓಡಿಸಿದ, ಟೋಪಿಯ ಅಂಚಿನ ಕೆಳಗೆ ಮುಖ ಕಾಣುವಲ್ಲಿ ನಿಲ್ಲಿಸಿದ. ಪೊರಕೆ ನೋಡಿ, ಎಷ್ಟು ತಯಾರಾಗಿ ಬಂದಿದ್ದಾನೆ, ಚೀನೀಯನ ಹಾಗೆ ಕಾಣುತ್ತಾನೆ, ಯಾರೋ ದುಡ್ಡು ಕೊಟ್ಟು ಕಳಿಸಿರಬೇಕು ಎಂದ. ಜೆಲಿಗ್‌ನ ಕತ್ತು ಅಲ್ಲಾಡದೆ ನಿಂತಿದ್ದನ್ನು ಹಿಂದಿನಿಂದಲೇ ನೋಡಿ, ಅವನಿಗೆ ಗೊತ್ತಾಗಿದೆ ಎಂದು ಲೈವಾಳಿಗೆ ತಿಳಿಯಿತು. ಗೊತ್ತಾಗಿ, ಬಾಯಿ ಬಿಡದೆ ಕೂತಿದ್ದಾನೆ ಎಂದೂ. ಬ್ರೋನ್ಯಾ ತಿರುಗಿದಳು, ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು, ಮುಖದ ಮೇಲೆ ನೆಂಟರಿಗೆ ತೋರಿಸುವ ನಗು ತಂದುಕೊಂಡಳು. “ಬನ್ನಿ, ಬನ್ನಿ, ಕೂತ್ಕೊಳ್ಳಿ. ನಮ್ಮನೇಲಿ ಇವತ್ತು ಸ್ವಲ್ಪ ಗಲಾಟೆ.” ಮತ್ತೆ ಪರದೆಗೆ ತಿರುಗಿ, ಈ ಮುಖವನ್ನು ಪೊಲೀಸರಿಗೆ ಕೊಡಬೇಕು, ಪತ್ರಿಕೆಗೂ ಕೊಡಬೇಕು ಎಂದಳು. ಅದೇ ಟೋಪಿ. ಅದೇ ಬಕೆಟ್ಟು ಕೂಡ. ಹತ್ತೊಂಬತ್ತು ವರ್ಷದಲ್ಲಿ ಆ ಮುಖವನ್ನು ಅವಳು ಒಂದು ಸಲವೂ ಸರಿಯಾಗಿ ನೋಡಿಯೇ ಇರಲಿಲ್ಲ.

“ಬ್ರೋನ್ಯಾ, ಅದು ನಮ್ಮಪ್ಪ” ಎಂದಳು ಲೈವಾ.

ಗೆರ್ಶನ್ ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧ ಇಳಿಸಿದ. ಅಪ್ಪ ಮುಂದೆ ಬಂದು ಬಕೆಟ್ಟನ್ನು ನೆಲಕ್ಕಿಟ್ಟು, ಟೋಪಿ ತೆಗೆದು, ಸೊಂಟದವರೆಗೆ ಬಾಗಿದರು. ಬಾಗಿದವರು ಬೇಗ ಮೇಲೇಳಲಿಲ್ಲ. ತಮ್ಮ ಭಾಷೆಯಲ್ಲೇ ಮಾತಾಡಿದರು, ಒಂದೊಂದು ವಾಕ್ಯಕ್ಕೆ ನಿಂತು ಮಗಳಿಗಾಗಿ ಕಾದರು. ಬದಲಾಯಿಸಿ ಹೇಳಬಹುದಿತ್ತು, ಸ್ವಲ್ಪ ಕಡಿಮೆ ಮಾಡಿ, ಸ್ವಲ್ಪ ಮಾನ ಉಳಿಸಿ. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನಮ್ಮೂರಲ್ಲಿ ನನ್ನ ಹೆತ್ತ ತಾಯಿಯ ಗೋರಿ ಇದ್ದ ಗುಡ್ಡವನ್ನೇ ಅಗೆದು ರಸ್ತೆ ಮಾಡಿದರು. ಗುಡಿಸುವುದಕ್ಕೆ ನನಗೆ ತಾಯಿಯ ಗೋರಿಯಿಲ್ಲ. ಈ ತಾಯಿಯದು ಹತ್ತಿರ ಇತ್ತು. ಕೊಳೆ ಎಂದುಕೊಂಡೆ. ಕೆಲವು ಕಲ್ಲು ಸಿಗಲಿಲ್ಲ, ತಪ್ಪು ನನ್ನದು, ನನ್ನ ಮಗಳದಲ್ಲ.

ಜೆಲಿಗ್ ಎದ್ದು ಮಾವನ ತೋಳು ಹಿಡಿದು ಮೇಲೆತ್ತಿ ಕುರ್ಚಿಯಲ್ಲಿ ಕೂರಿಸಿದ. ಆಮೇಲೆ ಅವಳ ಕಡೆ ತಿರುಗಿದ. ದನಿ ಇಳಿದೇ ಇತ್ತು.

“ನಿಂಗೆ ಯಾವಾಗ ಗೊತ್ತಾಯ್ತು?”

“ಶುಕ್ರವಾರ.”

ಅವನು ತಲೆಯಾಡಿಸಿದ. ಸಿಟ್ಟಾದರೂ ಆಗಿದ್ದರೆ ಅವಳು ತಿರುಗಿ ಕೂಗಬಹುದಿತ್ತು, ನಂಗೆ ಗೊತ್ತಾಗಲ್ಲ ಅಂದೆಯಲ್ಲ ಎನ್ನಬಹುದಿತ್ತು. ಆ ಮಾತನ್ನು ಎಷ್ಟು ಸಲ ಮಸೆದು ಇಟ್ಟುಕೊಂಡಿದ್ದಳೋ. ತಲೆಯಾಡಿಸಿದವನ ಎದುರು ಅದು ಕೈಗೇ ಬರಲಿಲ್ಲ.

ಅಷ್ಟರಲ್ಲಿ ಬ್ರೋನ್ಯಾ ನೆಲದ ಮೇಲೆ ಕೂತಿದ್ದಳು. ಎಂದೂ ಸೋಫಾಕ್ಕೆ ಪೂರ್ತಿ ಬೆನ್ನು ಕೊಡದ ಹೆಂಗಸು ಕಾಲು ಚಾಚಿ ಬಕೆಟ್ಟನ್ನು ತೊಡೆಯ ಹತ್ತಿರ ಎಳೆದುಕೊಂಡಿದ್ದಳು. ಒಂದೊಂದೇ ಕಲ್ಲು ತೆಗೆದು, ತಿರುಗಿಸಿ ನೋಡಿ, ಪಕ್ಕಕ್ಕಿಡುತ್ತಿದ್ದಳು. ಎಲ್ಲರೂ ನೋಡುತ್ತ ನಿಂತರು. ಸಿಗುವುದಿಲ್ಲ, ಬ್ರೋನ್ಯಾ, ಅದು ಇದರಲ್ಲಿಲ್ಲ, ಎನ್ನಬೇಕೆಂದು ಲೈವಾ ಒಂದು ಹೆಜ್ಜೆ ಮುಂದೆ ಬಂದಳು. ಬ್ರೋನ್ಯಾಳ ಕೈ ನಿಂತಿತು. ಬೆರಳುಗಳ ನಡುವೆ ಹೆಬ್ಬೆರಳಿನಷ್ಟು ಬೂದು ಕಲ್ಲು, ನಡುವೆ ಸಣ್ಣ ಬಿಳಿ ಗೆರೆ. ಅಷ್ಟು ವರ್ಷ ಕಿಟಕಿಕಟ್ಟೆಯ ಮೇಲೆ ಕಣ್ಣೆದುರಿಗಿದ್ದರೂ ಆ ಗೆರೆಯನ್ನು ಲೈವಾ ಒಂದು ದಿನ ಗೆರೆ ಎಂದು ನೋಡಿರಲಿಲ್ಲ, ಸೋಪಿನ ಕಲೆ ಎಂದುಕೊಂಡಿದ್ದಳು.

“ಇದೇ” ಎಂದಳು ಬ್ರೋನ್ಯಾ. ಯಾರನ್ನೂ ಕೇಳಿದ್ದಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡಳು, ಮುಖ ಒಡೆಯಿತು, ಸಣ್ಣ ಹುಡುಗಿಯ ಹಾಗೆ ಬಾಯಿ ತೆರೆದು ಅತ್ತಳು. ಆಮೇಲೆ ಏನೋ ಅನುಮಾನ ಬಂದಂತೆ ತಮ್ಮನ ಕಡೆ ಕೈ ಚಾಚಿದಳು. “ಇದೇ ಅಲ್ವೇನೋ ಜೆಲಿಗ್? ನೋಡು. ನೀನು ನೋಡಿದ್ಯಲ್ಲ.”

ಜೆಲಿಗ್ ಬಗ್ಗಿ ಕಲ್ಲನ್ನು ಕೈಗೆ ತೆಗೆದುಕೊಂಡ. ಕನ್ನಡಕ ಹಣೆಗೇರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿದ, ಅಂಗಡಿಯಲ್ಲಿ ಗಾಜು ಹಿಡಿದು ನೋಡುವ ಹಾಗೆ. ಅವನು ಹೆಬ್ಬೆರಳಿನಿಂದ ಕಲ್ಲಿನ ಕೆಳಮೈ ಸವರಿದ; ಕಿಟಕಿಕಟ್ಟೆಯ ಒದ್ದೆಗೆ ಅಲ್ಲಿ ಕಟ್ಟಿದ್ದ ಸೋಪಿನ ಪೊರೆ ಈಗಲೂ ಸ್ವಲ್ಪ ಇದ್ದಿರಬೇಕು. ಸವರುವುದನ್ನು ನಿಲ್ಲಿಸಿದ. ತಲೆಯೆತ್ತಿ ಹೆಂಡತಿಯನ್ನು ನೋಡಿದ. ಆ ನೋಟ ಎಷ್ಟು ಹೊತ್ತಿನದೆಂದು ಅವಳಿಗೆ ಆಮೇಲೂ ತಿಳಿಯಲಿಲ್ಲ.

“ಹೌದು” ಎಂದ. “ಅದೇ.” ಕಲ್ಲನ್ನು ಅಕ್ಕನ ಅಂಗೈಯಲ್ಲಿಟ್ಟು ಬೆರಳು ಮಡಿಸಿದ.

ಕುರ್ಚಿಯಲ್ಲಿದ್ದ ಅಪ್ಪ ತಮ್ಮ ಭಾಷೆಯಲ್ಲಿ, “ಏನಂತೆ, ಆವಾ?” ಎಂದು ಕೇಳಿದರು. ಸಿಕ್ಕಿತಂತೆ ಅಪ್ಪ, ಎಂದಳು. ಅವರು ಕಣ್ಣು ಮುಚ್ಚಿಕೊಂಡರು. ಬ್ರೋನ್ಯಾ ನೆಲದಿಂದಲೇ ಅವರ ಮೊಣಕಾಲು ಮುಟ್ಟಿ ಏನೋ ಅಂದಳು, ಅದು ಪೆರ್ಲಾ ಆಡುತ್ತಿದ್ದ ಹಳೆಯ ಭಾಷೆ, ಕೋಣೆಯಲ್ಲಿ ಅವರಿಗೆ ಮಾತ್ರ ಖಂಡಿತ ಅರ್ಥವಾಗದ್ದು. ಅಪ್ಪ ತಲೆಯಾಡಿಸಿದರು. ಗೆರ್ಶನ್ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು, ನಾನು ಎಲ್ಲರಿಗೂ ಹೇಳುತ್ತೇನೆ, ತೋಟಗಾರರ ತಪ್ಪು ಎನ್ನುತ್ತೇನೆ ಎಂದು ಹೊರಟ. ಅನ್ನ ಇಟ್ಟು ಹೋಗಿದ್ದ ಒಲೆಯನ್ನು ಯಾರೋ ಆರಿಸಿದ್ದರು, ತಳ ಮಾತ್ರ ಹಿಡಿದಿತ್ತು. ಅವಳು ಅದನ್ನೇ ಬಡಿಸಿದಳು. ಅಪ್ಪ ತಳದ ಸೀಕು ಕೇಳಿ ಹಾಕಿಸಿಕೊಂಡರು, ಬ್ರೋನ್ಯಾ ಮೊದಲ ಸಲ ಈ ಮನೆಯಲ್ಲಿ ಇನ್ನಷ್ಟು ಬೇಕೆಂದಳು. ಜೆಲಿಗ್ ಎಲ್ಲರ ಬಟ್ಟಲು ನೋಡಿ ನೋಡಿ ಚಹಾ ಬಗ್ಗಿಸಿದ, ಅವಳದನ್ನೂ ಬಗ್ಗಿಸಿದ.

ಅಪ್ಪನನ್ನು ಬಿಟ್ಟು ವಾಪಸಾದಾಗ ಸಂಜೆಯ ಬೆಳಕು ಇನ್ನೂ ಇತ್ತು. ಅಡುಗೆಮನೆಯಲ್ಲಿ ನೀರಿನ ಸದ್ದು. ಅವನು ಬೈಯಲಿ, ಈಗಲಾದರೂ ಬೈಯಲಿ ಎಂದು ಅವಳು ಬಾಗಿಲಲ್ಲಿ ನಿಂತಳು. ಜೆಲಿಗ್ ಬೆನ್ನು ತಿರುಗಿಸಲಿಲ್ಲ. ಕೊನೆಯ ಪಾತ್ರೆ ತೊಳೆದು ಬೋರಲಿಟ್ಟ. ಬಟ್ಟೆ ಹಿಂಡಿದ. ಕಿಟಕಿಕಟ್ಟೆಯ ಮೇಲಿನ ಲೋಟ ಎತ್ತಿ ಅದರಡಿ ಒರೆಸಿ ಮತ್ತೆ ಇಟ್ಟ. ಅದರ ಪಕ್ಕ, ಕಲ್ಲು ಕೂತಿದ್ದ ಕಡೆ, ಬಣ್ಣ ಮಾಸದ ಒಂದು ಸಣ್ಣ ಗುಂಡು ಗುರುತಿತ್ತು. ಅವನ ಕೈ ಅಲ್ಲಿಗೆ ಬಂದು ಒಂದು ಗಳಿಗೆ ತಡೆಯಿತು, ಆಮೇಲೆ ಎಂದಿನ ಹಾಗೆ ಅದನ್ನು ಮುಟ್ಟದೆ ಸುತ್ತ ಒರೆಸಿಕೊಂಡು ಹೋಯಿತು.